2019ರಲ್ಲಿ ಕಾರ್ಪೊರೇಟ್ ತೆರಿಗೆ (ಕಂಪನಿಗಳ ಲಾಭದ ಮೇಲಿನ ತೆರಿಗೆ) ಕಡಿತವಾದ ನಂತರ ದೇಶದ ಆರ್ಥಿಕ ಬೆಳವಣಿಗೆ ಕುಸಿಯಿತು. ‘ತೆರಿಗೆ ಇಳಿಸಿದರೆ ಪ್ರಯೋಜನವಿಲ್ಲ’ ಅಂತ ಎಂ.ಎ. ಪ್ರಬಂಧದಲ್ಲಿ ಬರೆಯಬಹುದಾ?

ಬರೆಯಬೇಡಿ. ಹೆಚ್ಚುಕಡಿಮೆ ಇದೇ ಮಾತನ್ನು 2012ರಲ್ಲಿ ನಾನು ಬರೆದಿದ್ದೆ. ಅದಕ್ಕೆ ಒಂದು ವರ್ಷ ಕಳೆದುಕೊಂಡೆ. ಅಂಕಿಅಂಶದ ಲೆಕ್ಕಕ್ಕೆ ಸ್ಟಾಟಾ ಸಾಫ್ಟ್‌ವೇರ್ ಬಳಸಲಾ, ಆರ್ ಬಳಸಲಾ ಅಂತಲೂ ಕೇಳಿದ್ದೀರಿ. ಯಾವುದಾದರೂ ಆಗುತ್ತದೆ, ತೊಂದರೆ ಇರುವುದು ಅದರಲ್ಲಿ ಅಲ್ಲ.

ಆಗ ನಾನು ಎಂ.ಫಿಲ್. ಮಾಡುತ್ತಿದ್ದೆ. 1990-91ರಿಂದ 2010-11ರವರೆಗಿನ ಅಂಕಿ ಸೇರಿಸಿದ್ದೆ. ಒಂದು ಕಾಲಂನಲ್ಲಿ ಕೇಂದ್ರದ ತೆರಿಗೆ ಜಿಡಿಪಿಯ (ದೇಶದ ಒಟ್ಟು ಉತ್ಪನ್ನದ) ಎಷ್ಟು ಪಾಲು, ಇನ್ನೊಂದರಲ್ಲಿ ಆ ವರ್ಷದ ಬೆಳವಣಿಗೆ. ರಿಗ್ರೆಷನ್ ಮಾಡಿದೆ, ಅಂದರೆ ಒಂದು ಅಂಕಿಯ ಜೊತೆ ಇನ್ನೊಂದು ಹೇಗೆ ಬದಲಾಗುತ್ತದೆ ಅಂತ ನೋಡುವ ಲೆಕ್ಕ. ತೆರಿಗೆ ಪಾಲು ಏರಿದ ವರ್ಷಗಳಲ್ಲಿ ಬೆಳವಣಿಗೆಯೂ ಏರಿತ್ತು. 2007-08ರಲ್ಲಿ ತೆರಿಗೆ ಪಾಲು ಶೇ 12ರ ಹತ್ತಿರ, ಬೆಳವಣಿಗೆ ಶೇ 9ಕ್ಕಿಂತ ಜಾಸ್ತಿ. ಮುಂದಿನ ವರ್ಷ ಎರಡೂ ಇಳಿದವು. ನನಗೆ ಅಷ್ಟು ಸಾಕಾಯಿತು. ಕೊನೆಯ ಅಧ್ಯಾಯದಲ್ಲಿ, 2008ರ ಡಿಸೆಂಬರ್‌ನಲ್ಲಿ ಎಕ್ಸೈಸ್ ಸುಂಕ (ಹೆಂಡದ ಅಬಕಾರಿ ಅಲ್ಲ, ಕಾರ್ಖಾನೆ ಮಾಲಿನ ಮೇಲಿನ ಸುಂಕ) ಇಳಿಸಿದ್ದು ಸರ್ಕಾರದ ತಪ್ಪು, ಅದರಿಂದಲೇ ಬೆಳವಣಿಗೆ ಕುಗ್ಗಿತು ಅಂತ ಧೈರ್ಯವಾಗಿ ಬರೆದೆ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೊರಗಿನಿಂದ ಬಂದಿದ್ದ ಪರೀಕ್ಷಕರು ಪ್ರಬಂಧ ಮುಚ್ಚಿಟ್ಟು ಒಂದೇ ಪ್ರಶ್ನೆ ಕೇಳಿದರು. ‘ಆ ಡಿಸೆಂಬರ್‌ನಲ್ಲಿ ಸುಂಕ ಯಾಕೆ ಇಳಿಸಿದರು?’

ಉತ್ತರ ನನಗೆ ಗೊತ್ತಿತ್ತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತ್ತು. ನಮ್ಮ ರಫ್ತು ಬೀಳುತ್ತಿತ್ತು, ಕಾರ್ಖಾನೆಗಳಿಗೆ ಆರ್ಡರ್ ಇರಲಿಲ್ಲ. ಅದಕ್ಕೇ ಕೇಂದ್ರ 2008ರ ಡಿಸೆಂಬರ್‌ನಲ್ಲಿ ಎಕ್ಸೈಸ್ ಸುಂಕವನ್ನು 4 ಶೇಕಡಾ ಪಾಯಿಂಟ್ ಇಳಿಸಿತು. 2009ರ ಫೆಬ್ರವರಿಯಲ್ಲಿ ಇನ್ನೂ 2 ಪಾಯಿಂಟ್ ಇಳಿಸಿತು, ಸೇವಾ ತೆರಿಗೆಯನ್ನು ಶೇ 12ರಿಂದ 10ಕ್ಕೆ ತಂದಿತು. ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ನನ್ನ ಬಾಯಿ ಒಣಗಿತು. ಕುಸಿತ ಮೊದಲು ಬಂದಿತ್ತು, ಕಡಿತ ಆಮೇಲೆ. ನಾನು ಅದನ್ನು ತಿರುಗಿಸಿ ಬರೆದಿದ್ದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದರ ಅಂಚಿನಲ್ಲೇ ನಿಂತಿದ್ದೀರಿ. ನಮ್ಮ ಊರ ಕೆರೆಯಲ್ಲಿ ನೀರು ತಳ ಕಂಡಾಗ ನೀರಗಂಟಿ ತೂಬು ಮುಚ್ಚುತ್ತಾನೆ. ಹೊರಗಿನವರು ಯಾರೋ ಬಂದು ದಿನಾ ಲೆಕ್ಕ ಬರೆದರು ಅಂದುಕೊಳ್ಳಿ. ತೂಬು ಮುಚ್ಚಿದ ದಿನಗಳಲ್ಲೆಲ್ಲ ಕೆರೆಯಲ್ಲಿ ನೀರು ಕಮ್ಮಿ. ಹಾಗಾದರೆ ತೂಬು ಮುಚ್ಚಿದ್ದಕ್ಕೇ ಕೆರೆ ಬತ್ತಿತಾ? ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಆದರೆ ತೂಬು ಯಾಕೆ ಮುಚ್ಚಿದರು ಅನ್ನುವುದಕ್ಕೆ ಅದರಲ್ಲಿ ಕಾಲಂ ಇಲ್ಲ.

ನನ್ನದರಲ್ಲಿ ಇನ್ನೊಂದು ತಪ್ಪೂ ಇತ್ತು. ಜಿಡಿಪಿಯಲ್ಲಿ ತೆರಿಗೆಯ ಪಾಲು ಸರ್ಕಾರ ಕೈ ಹಾಕದಿದ್ದರೂ ಏರುತ್ತದೆ, ಇಳಿಯುತ್ತದೆ. ಒಳ್ಳೆಯ ಕಾಲದಲ್ಲಿ ಕಂಪನಿಗಳ ಲಾಭ ಜಿಡಿಪಿಗಿಂತ ಬೇಗ ಬೆಳೆಯುತ್ತದೆ, ಆಮದು ಜಾಸ್ತಿಯಾಗುತ್ತದೆ, ಹಾಗಾಗಿ ತೆರಿಗೆಯೂ ಜಾಸ್ತಿ ಬರುತ್ತದೆ. ಅಂದರೆ ಬೆಳವಣಿಗೆಯೇ ತೆರಿಗೆಯನ್ನು ಏರಿಸುತ್ತಿತ್ತು. ಪಾಲು ಬೇರೆ, ದರ ಬೇರೆ. ಎರಡನ್ನೂ ಒಂದೇ ಅಂತ ತಿಳಿದಿದ್ದೆ.

ಪ್ರಬಂಧ ವಾಪಸ್ ಬಂತು. ಆ ವರ್ಷದ ಪಿಎಚ್.ಡಿ. ಪ್ರವೇಶ ಕೈ ತಪ್ಪಿತು. ಮನೆಯಲ್ಲಿ ಅಪ್ಪನಿಗೆ ಹೇಳಲು ಎರಡು ವಾರ ಬೇಕಾಯಿತು.

ಅದೇ ಪರೀಕ್ಷಕರು ಒಂದು ಲೇಖನ ಓದಲು ಹೇಳಿ ಹೋಗಿದ್ದರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಕ್ರಿಸ್ಟಿನಾ ರೋಮರ್ ಮತ್ತು ಡೇವಿಡ್ ರೋಮರ್, ಗಂಡ ಹೆಂಡತಿ ಇಬ್ಬರೂ ಅರ್ಥಶಾಸ್ತ್ರಜ್ಞರು, 2010ರಲ್ಲಿ ಪ್ರಕಟಿಸಿದ್ದು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಆದ ದೊಡ್ಡ ತೆರಿಗೆ ಬದಲಾವಣೆಗಳನ್ನೆಲ್ಲ ಅವರು ಒಂದೊಂದಾಗಿ ತೆಗೆದುಕೊಂಡರು. ಅಧ್ಯಕ್ಷರ ಭಾಷಣ, ಸಂಸತ್ತಿನ ಸಮಿತಿಗಳ ವರದಿ ಎಲ್ಲ ಓದಿ, ಪ್ರತಿಯೊಂದಕ್ಕೂ ‘ಯಾಕೆ’ ಅಂತ ಗುರುತು ಹಾಕಿದರು. ಕೊರಿಯಾ ಯುದ್ಧದಂಥ ಖರ್ಚಿಗೆ ಏರಿಸಿದ್ದು ಒಂದು ಗುಂಪು. 1975ರ ಹಾಗೆ ಕುಸಿತ ತಡೆಯಲು ಇಳಿಸಿದ್ದು ಇನ್ನೊಂದು. ಹಳೆಯ ಕೊರತೆ ತುಂಬಲು ಏರಿಸಿದ್ದು ಮೂರನೆಯದು. ಮುಂದಿನ ಕಾಲದ ಬೆಳವಣಿಗೆಗೆಂದು ಮಾಡಿದ್ದು, 1964ರ ಕಡಿತದ ಹಾಗೆ, ನಾಲ್ಕನೆಯದು. ಮೊದಲೆರಡನ್ನು ಪಕ್ಕಕ್ಕಿಟ್ಟರು, ಯಾಕೆಂದರೆ ಅವು ಆ ಹೊತ್ತಿನ ಆರ್ಥಿಕ ಸ್ಥಿತಿಯ ನೆರಳಲ್ಲೇ ಹುಟ್ಟಿದವು. ಉಳಿದೆರಡನ್ನು ಮಾತ್ರ ನೋಡಿದಾಗ, ಜಿಡಿಪಿಯ ಶೇ 1ರಷ್ಟು ತೆರಿಗೆ ಏರಿಸಿದರೆ ಮೂರು ವರ್ಷದೊಳಗೆ ಜಿಡಿಪಿ ಹತ್ತಿರ ಹತ್ತಿರ ಶೇ 3ರಷ್ಟು ಕುಗ್ಗುತ್ತದೆ ಅಂತ ಕಂಡಿತು. ಎಲ್ಲವನ್ನೂ ಬೆರೆಸಿ ಲೆಕ್ಕ ಹಾಕಿದರೆ ಪರಿಣಾಮ ತುಂಬಾ ಸಣ್ಣದಾಗಿ ಕಾಣುತ್ತದೆ. ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಭಾಷಣಗಳಂಥವೇ ಅವರ ಅಂಕಿಅಂಶವಾಗಿದ್ದವು!

ಆ ಶೇ 3 ಅನ್ನು ಮಾತ್ರ ಎತ್ತಿ ಭಾರತಕ್ಕೆ ಅಂಟಿಸಬೇಡಿ. ಅದು ಅಮೆರಿಕದ ಲೆಕ್ಕ.

ಈಗ ನಿಮ್ಮ 2019ಕ್ಕೆ ಬರೋಣ. ಸೆಪ್ಟೆಂಬರ್ 20ರಂದು ನಿರ್ಮಲಾ ಸೀತಾರಾಮನ್ ಕಾರ್ಪೊರೇಟ್ ತೆರಿಗೆಯ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿದರು. ಅದಕ್ಕೂ ಮೊದಲೇ, ಏಪ್ರಿಲ್‌ನಿಂದ ಜೂನ್‌ವರೆಗಿನ ಬೆಳವಣಿಗೆ ಶೇ 5ಕ್ಕೆ ಬಿದ್ದಿದೆ ಅಂತ ಅಂಕಿ ಹೊರಬಂದಿತ್ತು. ಆರು ತಿಂಗಳಲ್ಲಿ ಕೋವಿಡ್ ಲಾಕ್‌ಡೌನ್. ಕಡಿತದ ಹಿಂದೆ ಒಂದು ಕುಸಿತ, ಮುಂದೆ ಇನ್ನೊಂದು. ನಡುವೆ ಸಿಕ್ಕ ಒಂದೇ ಒಂದು ಘಟನೆಯಿಂದ ಕಡಿತ ಫಲಿಸಿತು ಅಂತಲೂ ಹೇಳಲಾಗದು, ಫಲಿಸಲಿಲ್ಲ ಅಂತಲೂ ಹೇಳಲಾಗದು. ನಿಮ್ಮ ಪ್ರಶ್ನೆಯೇ ಬದಲಾಗಬೇಕು.

ನನ್ನನ್ನು ಕೇಳಿದರೆ ರಿಗ್ರೆಷನ್ ಬಿಟ್ಟೇಬಿಡಿ. ಎಂ.ಎ.ಗೆ ಸಿಗುವ ಆರು ತಿಂಗಳಲ್ಲಿ ಹತ್ತು ತೆರಿಗೆ ಬದಲಾವಣೆ ಆರಿಸಿ, ಅವುಗಳ ಕಾರಣ ಹುಡುಕಿ. ಸ್ವಾತಂತ್ರ್ಯದಿಂದ ಈಚಿನ ಬಜೆಟ್ ಭಾಷಣಗಳೆಲ್ಲ ಸರ್ಕಾರದ ಬಜೆಟ್ ಜಾಲತಾಣದಲ್ಲಿವೆ. 2019ರ ಕಡಿತ ಬಜೆಟ್‌ನಿಂದಲ್ಲ, ಸುಗ್ರೀವಾಜ್ಞೆಯಿಂದ ಬಂತು, ಹಾಗಾಗಿ ಅದಕ್ಕೆ ಆ ಡಿಸೆಂಬರ್‌ನ ಲೋಕಸಭೆ ಚರ್ಚೆ ಓದಿ.

ನಾನು ಎರಡನೇ ಸಲ ಬರೆದಿದ್ದು ಹೀಗೆಯೇ. ಅದರಲ್ಲಿ ಹೆಚ್ಚು ದಿನ ಹಿಡಿದದ್ದು 1997ರ ಫೆಬ್ರವರಿ ಬಜೆಟ್. ಆಗಿನ ಹಣಕಾಸು ಸಚಿವ ಚಿದಂಬರಂ ಅವರು ಆದಾಯ ತೆರಿಗೆಯ ಅತಿ ಹೆಚ್ಚಿನ ದರವನ್ನು ಶೇ 40ರಿಂದ 30ಕ್ಕೆ ಇಳಿಸಿದ್ದರು. ಯಾವ ಕುಸಿತಕ್ಕೂ ಹೆದರಿ ಮಾಡಿದ್ದಲ್ಲ, ನಾಲ್ಕನೇ ಗುಂಪಿಗೆ ಸರಿಯಾಗಿ ಸೇರುತ್ತದೆ ಅಂತ ಸಂತೋಷಪಟ್ಟೆ. ನೋಡಿದರೆ ಜುಲೈನಲ್ಲಿ ಥಾಯ್ಲೆಂಡ್‌ನಿಂದ ಏಷ್ಯಾ ಬಿಕ್ಕಟ್ಟು ಶುರುವಾಗಿತ್ತು, ಆ ವರ್ಷ ನಮ್ಮ ಬೇಸಾಯವೂ ಕೈಕೊಟ್ಟಿತ್ತು. ಕಾರಣ ಸರಿಯಿದ್ದರೂ ಪರಿಣಾಮವನ್ನು ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ‘ಆಗಲಿಲ್ಲ’ ಅಂತಲೇ ಬರೆದೆ. ಆ ಪ್ಯಾರಾದ ಪಕ್ಕದಲ್ಲಿ ಪರೀಕ್ಷಕರು ಪೆನ್ಸಿಲ್‌ನಲ್ಲಿ ಒಂದು ಟಿಕ್ ಹಾಕಿದ್ದರು. ಆ ಪ್ರತಿ ಈಗಲೂ ನನ್ನ ಹತ್ತಿರ ಇದೆ.