ನೋವು ತಗ್ಗಿದ ಮೇಲೂ ಮೆಥೊಟ್ರೆಕ್ಸೇಟ್ ಬೇಕೇ?
ರುಮಟಾಯ್ಡ್ ಸಂಧಿವಾತವಿರುವ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳಿಗೆ ಬಾವು ತರುವ ಕಾಯಿಲೆ) ನಿಮ್ಮ ತಾಯಿಯವರು, ಆ ಕಾಯಿಲೆಯನ್ನೇ ಹತೋಟಿಯಲ್ಲಿಡುವ ಔಷಧಿಯಾದ ಮೆಥೊಟ್ರೆಕ್ಸೇಟ್ ಬಿಟ್ಟು ನೋವಿನ ಮಾತ್ರೆಯನ್ನಷ್ಟೇ ಮುಂದುವರಿಸಬಹುದೇ ಎಂದು ಕೇಳಿದ್ದೀರಿ. ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು. ನೋವಿನ ಮಾತ್ರೆ ಕೆಲವು ಗಂಟೆಗಳ ಉಪಶಮನ ಕೊಡುತ್ತದೆಯೇ ಹೊರತು ಕೀಲುಗಳ ಹಾನಿಯನ್ನು ತಡೆಯುವುದಿಲ್ಲ; ಆ ಕೆಲಸ ಮೆಥೊಟ್ರೆಕ್ಸೇಟ್‌ನದು. ಮೆಥೊಟ್ರೆಕ್ಸೇಟ್ ಫಲ ಕೊಡಲು 6ರಿಂದ 12 ವಾರ ಹಿಡಿಯುವಂತೆ, ಅದನ್ನು ಬಿಟ್ಟ ಮೇಲೆ ಬಾವು ಮರುಕಳಿಸಲೂ ಹಲವು ವಾರಗಳಾಗಬಹುದಾದ್ದರಿಂದ, ಬಿಟ್ಟರೂ ಏನಾಗಲಿಲ್ಲವೆಂಬ ಭ್ರಮೆ ಹುಟ್ಟುವುದು ಸಹಜ. ನನ್ನ ಅನುಮಾನವೆಂದರೆ, ಅವರು ಅದನ್ನು ಬಿಡಬಯಸುವುದಕ್ಕೆ ನಿಜವಾದ ಕಾರಣ ಮೆಥೊಟ್ರೆಕ್ಸೇಟ್ ನುಂಗಿದ ಮರುದಿನದ ವಾಕರಿಕೆಯಿರಬಹುದು (ಹಿರಿಯರು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ). ಫೋಲಿಕ್ ಆಮ್ಲದಿಂದಲೋ (ಒಂದು ಬಿ ವಿಟಮಿನ್), ಪ್ರಮಾಣ ಬದಲಿಸುವುದರಿಂದಲೋ, ಚುಚ್ಚುಮದ್ದಿನ ರೂಪದಿಂದಲೋ ಅದು ಎಷ್ಟೋ ಮಂದಿಯಲ್ಲಿ ತಗ್ಗುತ್ತದೆ. ಬೆಳಗ್ಗೆ ಜಡೆ ಹೆಣೆಯಲು, ರೊಟ್ಟಿ ತಟ್ಟಲು ಆಗುತ್ತಿದೆಯೇ ಎಂಬುದನ್ನೂ ವೈದ್ಯರಿಗೆ ತಿಳಿಸಿ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ನುಂಗುವ ಔಷಧಿ. ತಪ್ಪಿದ್ದನ್ನು ಸರಿದೂಗಿಸಲೆಂದು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.