ತಂಬಾಕಿಲ್ಲದ ಎಲೆ-ಅಡಿಕೆಯಿಂದಲೂ ಬಾಯಿಯ ಕ್ಯಾನ್ಸರ್ ಬರುವುದೇ?

ಬರಬಹುದು, ಏಕೆಂದರೆ ಅಡಿಕೆಯೇ ಸ್ವತಃ ಕ್ಯಾನ್ಸರ್‌ಕಾರಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ತಂಬಾಕಿನಂತೆಯೇ, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಚನ್ನಗಿರಿ, ಭೀಮಸಮುದ್ರದಂತಹ ಅಡಿಕೆ ಸೀಮೆಯವರಿಗೆ ಇದು ಹಿತವಾದ ಮಾತಲ್ಲ, ಆದರೂ ನಿಜ.

ಕೆನ್ನೆಯ ಒಳಪದರದ ಜೀವಕೋಶಗಳು ಸದಾ ಸವೆದು, ಉಳಿದವು ವಿಭಜನೆಗೊಂಡು ಆ ಜಾಗವನ್ನು ತುಂಬುತ್ತಿರುತ್ತವೆ. ಈ ವಿಭಜನೆಗೆ ತಡೆಹಾಕುವ ಸೂಚನೆಗಳು ಕೋಶದೊಳಗಿನ ಡಿಎನ್‌ಎಯಲ್ಲಿ, ಅಂದರೆ ವಂಶವಾಹಿಗಳಲ್ಲಿ, ಇರುತ್ತವೆ. ಸುಣ್ಣದ ಕ್ಷಾರದೊಡನೆ ಅಡಿಕೆಯನ್ನು ಅಗಿದಾಗ ಹುಟ್ಟುವ ತೀಕ್ಷ್ಣ ಆಮ್ಲಜನಕ ಸಂಯುಕ್ತಗಳು ಆ ಡಿಎನ್‌ಎಗೆ ಹಾನಿ ಮಾಡುತ್ತವೆ. ಬಹುಪಾಲು ಹಾನಿಯನ್ನು ಕೋಶವೇ ಸರಿಪಡಿಸಿಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಅದೇ ಕೆನ್ನೆಯಲ್ಲಿ ಅಡಿಕೆಯನ್ನು ಇಟ್ಟುಕೊಳ್ಳುವವರಲ್ಲಿ ದುರಸ್ತಿಯಾಗದ ತಪ್ಪುಗಳು ಒಂದೇ ಕೋಶದ ಸಂತತಿಯಲ್ಲಿ ಒಂದರ ಮೇಲೊಂದು ಸೇರಿ, ಕೊನೆಗೆ ತಡೆಯೇ ಇಲ್ಲದೆ ಬೆಳೆಯುವ ಗುಂಪೊಂದು ಹುಟ್ಟಿಕೊಳ್ಳುತ್ತದೆ. ಅದೇ ಕ್ಯಾನ್ಸರ್.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕವು ಕೆನ್ನೆಯ ಅಡಿಪದರದಲ್ಲಿ ಗಟ್ಟಿ ನಾರನ್ನು ಬೆಳೆಸುವುದರಿಂದ ಬಾಯಿ ಪೂರ್ತಿ ತೆರೆಯದಂತಾಗಬಹುದು; ಈ ಸ್ಥಿತಿ ಕೆಲವರಲ್ಲಿ ಮುಂದೆ ಕ್ಯಾನ್ಸರ್‌ಗೆ ತಿರುಗುತ್ತದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು. ಮದುವೆಮನೆಯಲ್ಲಿ ಎಂದೋ ಒಮ್ಮೆ ಹಾಕಿಕೊಳ್ಳುವ ತಾಂಬೂಲಕ್ಕೂ ದಿನವಿಡೀ ಅಗಿಯುವ ಚಟಕ್ಕೂ ವ್ಯತ್ಯಾಸವಿದೆ. ಬಾಯಿ ತೆರೆಯಲು ಬಿಗಿಯಾದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ದಂತವೈದ್ಯರಿಗೆ ತೋರಿಸಬೇಕು.