ಡೇಟಾಬೇಸ್‌ನಲ್ಲಿರುವ ಪುಟಗಳು ಗೂಗಲ್‌ನಲ್ಲಿ ಯಾಕೆ ಸಿಗುತ್ತಿಲ್ಲ?

ಸೈಟ್‌ನಲ್ಲಿ ಸಾವಿರಾರು ಪುಸ್ತಕಗಳ ವಿವರ ಇದ್ದರೂ ಗೂಗಲ್‌ನಲ್ಲಿ ಮುಖಪುಟ ಮಾತ್ರ ಕಾಣುತ್ತಿದೆ ಅಂತ ಕೇಳಿದ್ದೀರಿ. ಮೊದಲು ಒಂದು ಪರೀಕ್ಷೆ ಮಾಡಿ. ಸರ್ಚ್ ಬಾಕ್ಸ್ ಮುಟ್ಟದೆ, ಬರೀ ಲಿಂಕ್ ಒತ್ತುತ್ತಾ ಯಾವುದಾದರೂ ಪುಸ್ತಕದ ಪುಟ ತಲುಪಲು ಆಗುತ್ತದಾ? ಆಗದಿದ್ದರೆ ತೊಂದರೆ ಅಲ್ಲೇ ಇದೆ. ಗೂಗಲ್‌ನ ಬಾಟ್, ಅಂದರೆ ಪುಟಗಳನ್ನು ತಾನಾಗಿಯೇ ಓದುವ ಪ್ರೋಗ್ರಾಂ, ಲಿಂಕ್ ಹಿಡಿದು ಓಡಾಡುತ್ತದೆ. ನಿಮ್ಮ ಬಾಕ್ಸ್‌ನಲ್ಲಿ ಪದ ಟೈಪ್ ಮಾಡಿ ಹುಡುಕುತ್ತದೆ ಅಂತ ನಂಬಿ ಕೂರಬೇಡಿ. ವಿಷಯವಾರು, ಲೇಖಕವಾರು ಪಟ್ಟಿ ಪುಟಗಳನ್ನು ಮಾಡಿ. ಸೈಟ್‌ಮ್ಯಾಪ್ (ಪುಟಗಳ ವಿಳಾಸ ಪಟ್ಟಿ ಇರುವ ಫೈಲ್) ಕೂಡ ಕೊಡಿ, ಒಂದು ಫೈಲ್‌ನಲ್ಲಿ 50,000 ವಿಳಾಸ ಹಿಡಿಸುತ್ತದೆ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತಲೆನೋವು ನಕಲು ವಿಳಾಸಗಳದ್ದು. 10 ವಿಷಯ, 5 ಭಾಷೆ, 4 ಬಗೆಯ ವಿಂಗಡಣೆ ಇಟ್ಟರೆ 200 ವಿಳಾಸ ಆಯಿತು, ಅಲ್ವಾ? ಆದರೆ ವಿಂಗಡಣೆ ಬದಲಾದರೆ ಪಟ್ಟಿಯ ಕ್ರಮ ಮಾತ್ರ ಬದಲಾಗುತ್ತದೆ, ಪುಸ್ತಕಗಳು ಅವೇ. ಬಾಟ್ ಸುಮ್ನೆ ಅಲ್ಲೇ ಸುತ್ತುತ್ತದೆ, ಹೊಸ ಪುಟಗಳಿಗೆ ಬರುವುದು ತಡವಾಗುತ್ತದೆ. ಇಂಥ ಪುಟಗಳಲ್ಲಿ ಕೆನಾನಿಕಲ್ ಟ್ಯಾಗ್ (ಮೂಲ ಪುಟ ಯಾವುದು ಅಂತ ಹೇಳುವ ಕೋಡ್) ಹಾಕಿ ಮೂಲ ಪಟ್ಟಿಯ ವಿಳಾಸ ತೋರಿಸಿ. ಇದು ಸೂಚನೆ ಅಷ್ಟೇ, ಗೂಗಲ್ ಒಪ್ಪಲೇಬೇಕು ಅಂತಿಲ್ಲ. ಹಾಗಾಗಿ ಸೈಟ್‌ನೊಳಗಿನ ಲಿಂಕ್‌ಗಳೂ ಮೂಲ ವಿಳಾಸಕ್ಕೇ ಹೋಗಲಿ.

ಒಂದು ತಪ್ಪು ಜಾಸ್ತಿ ಜನ ಮಾಡುತ್ತಾರೆ, ನಾನೂ ಮಾಡಿದ್ದೆ. ಪುಟಕ್ಕೆ ನೋಇಂಡೆಕ್ಸ್ (ಇದನ್ನು ಹುಡುಕಾಟದಲ್ಲಿ ತೋರಿಸಬೇಡ ಅನ್ನುವ ಸೂಚನೆ) ಹಾಕಿ, ಅದೇ ಪುಟವನ್ನು ರೋಬಾಟ್ಸ್ ಫೈಲ್‌ನಲ್ಲೂ (ಬಾಟ್ ಎಲ್ಲಿಗೆ ಬರಬಾರದು ಅಂತ ಹೇಳುವ ಫೈಲ್) ತಡೆಯುವುದು. ಒಳಗೆ ಬರಲು ಬಿಡದಿದ್ದರೆ ಬಾಟ್ ಆ ನೋಇಂಡೆಕ್ಸ್ ಅನ್ನು ಓದುವುದಾದರೂ ಹೇಗೆ?

ಶೀರ್ಷಿಕೆಗೆ ಪುಸ್ತಕದ ಹೆಸರು, ಲೇಖಕರ ಹೆಸರು ಡೇಟಾಬೇಸ್‌ನಿಂದಲೇ ಬರಲಿ. ಅಳಿಸಿದ ಪುಸ್ತಕದ ವಿಳಾಸಕ್ಕೆ ಸರ್ವರ್ 200 (ಪುಟ ಸರಿಯಾಗಿದೆ) ಅನ್ನುವ ಕೋಡ್ ಅಲ್ಲ, 404 (ಪುಟ ಸಿಗಲಿಲ್ಲ) ಕೊಡಲಿ.